ಬಾವು ಇಳಿಯುವ ತನಕ

ನಮ್ಮೂರಿನಲ್ಲಿ ಯಾರಿಗಾದರೂ ಜೇನುಹುಳ ಕಚ್ಚಿದರೆ ನೋವಾಯಿತೇ ಎಂದು ಮೊದಲು ಕೇಳುವುದಿಲ್ಲ. ಹುಳ ಎಲ್ಲಿ ಬಿತ್ತು ಎಂದು ಕೇಳುತ್ತಾರೆ. ಕಚ್ಚಿದ ಹುಳ ಬದುಕುವುದಿಲ್ಲ. ಮುಳ್ಳನ್ನೂ ಅದರ ಜೊತೆಗೆ ತನ್ನ ಕರುಳನ್ನೂ ನಮ್ಮ ಮೈಯಲ್ಲೇ ಬಿಟ್ಟು, ನಾಲ್ಕು ಮಾರು ಹಾರುವುದರೊಳಗೆ ನೆಲಕ್ಕೆ ಬೀಳುತ್ತದೆ. ಅದನ್ನು ಹುಡುಕಿ ದಾಸವಾಳದ ಬುಡದಲ್ಲಿ ಮಣ್ಣು ಮಾಡಬೇಕು. ಕಚ್ಚಿಸಿಕೊಂಡವರು ಸೂತಕ ಹಿಡಿಯಬೇಕು. ಬಾವು ಇಳಿಯುವ ತನಕ ಸೂತಕ. ಅಲ್ಲಿಯವರೆಗೆ ಇನ್ನೊಬ್ಬರ ಹೊಸ್ತಿಲು ದಾಟುವಂತಿಲ್ಲ, ಒಗ್ಗರಣೆ ಹಾಕಿದ್ದು ತಿನ್ನುವಂತಿಲ್ಲ, ಮದುವೆ ನಾಮಕರಣಗಳಲ್ಲಿ ಬೇಲಿಯಿಂದ ಆಚೆಗೇ ನಿಲ್ಲಬೇಕು. ಹೊಳೆಯ ಆಚೆಯಿಂದ ಬಂದವರು ಇದನ್ನು ಕೇಳಿ ನಗುತ್ತಾರೆ. ಚಿಕ್ಕಂದಿನಲ್ಲಿ ನಾನೂ ಒಮ್ಮೆ ನಮ್ಮಜ್ಜನನ್ನು ಇದೇನು ಶಾಸ್ತ್ರ ಎಂದು ಕೇಳಿದ್ದೆ. ಅಜ್ಜ, "ಸತ್ತೋರಿಗೆ ಯಾರಾದ್ರೂ ಒಬ್ಬರು ಬೇಕಲ್ವೇನೋ" ಎಂದು ಹೇಳಿ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡ. ಅದಕ್ಕಿಂತ ಹೆಚ್ಚಿನದು ಯಾರಿಗೂ ಗೊತ್ತಿರಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ.

ಬಾವು ಇದೆಯೋ ಇಳಿದಿದೆಯೋ ಎಂದು ಹೇಳುವುದು ನಮ್ಮ ಮನೆತನದ ಕೆಲಸ. ಅಜ್ಜ ಮಾಡುತ್ತಿದ್ದ, ಅಪ್ಪ ಮಾಡುತ್ತಿದ್ದ, ಈಗ ನಾನು ಮಾಡುತ್ತೇನೆ. ಕಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಬಿಡುತ್ತೇನೆ. ಅಲ್ಲಿ ಗುಳಿ ಬಿದ್ದು ನಿಧಾನವಾಗಿ ತುಂಬಿಕೊಂಡರೆ "ಬಾವಿದೆ, ಕೂತ್ಕೋ" ಎನ್ನುತ್ತೇನೆ. ಗುಳಿ ಬೀಳದಿದ್ದರೆ ಅವರ ಹೆಸರು ಹಿಡಿದು, ನಾಲ್ಕು ಜನಕ್ಕೆ ಕೇಳುವ ಹಾಗೆ "ಬಾವಿಲ್ಲ, ಹೊಸ್ತಿಲು ಬಿಡಿ" ಎನ್ನುತ್ತೇನೆ. ಆಮೇಲೆ ಅವರನ್ನು ಯಾವ ಮನೆಯವರೂ, ಯಾವ ಚಪ್ಪರದವರೂ ತಡೆಯುವಂತಿಲ್ಲ. ಊರಿನಲ್ಲಿ ನನ್ನನ್ನು ಕಂಡರೆ ಯಾರಿಗೂ ವಿಶೇಷ ಪ್ರೀತಿಯಿಲ್ಲ, ದ್ವೇಷವೂ ಇಲ್ಲ. ಅಂಗಡಿಯ ತಕ್ಕಡಿಯನ್ನು ಯಾರು ಪ್ರೀತಿಸುತ್ತಾರೆ? ಬೋರಣ್ಣನ ಹೆಬ್ಬೆರಳು ಸುಳ್ಳು ಹೇಳುವುದಿಲ್ಲ ಎಂಬ ಮಾತಿದೆ. ನನಗೆ ಅಷ್ಟು ಸಾಕಾಗಿತ್ತು.

ಬೇಕೆಂದೇ ಕಚ್ಚಿಸಿಕೊಂಡು ಬರುವವರೂ ಇದ್ದಾರೆ. ಪರೀಕ್ಷೆಯ ಬೆಳಿಗ್ಗೆ ಶಾಲೆಯ ಮಕ್ಕಳು, ಕಂದಾಯದ ಕೆಲಸ ಮೈಮೇಲೆ ಬಂದಾಗ ಗುಮಾಸ್ತ, ಬೀಗರ ಮನೆಗೆ ಹೋಗಬೇಕಾದಾಗ ಅಳಿಯಂದಿರು. ಅಂಥವರನ್ನು ನಾನು ನೋಡಿದ ಕೂಡಲೇ ಗುರುತಿಸಬಲ್ಲೆ. ಹುಳ ತಾನಾಗಿ ಬಂದು ಕಚ್ಚಿದರೆ ರೆಪ್ಪೆಗೋ ಕಿವಿಯ ಹಿಂದೆಯೋ ಕತ್ತಿಗೋ ಎಲ್ಲೆಂದರಲ್ಲಿ ಕಚ್ಚುತ್ತದೆ. ಹಿಡಿದು ಕಚ್ಚಿಸಿಕೊಂಡರೆ ಆ ಗುರುತು ಯಾವಾಗಲೂ ಇನ್ನೊಂದು ಕೈಗೆ ಅನುಕೂಲವಾದ ಜಾಗದಲ್ಲಿರುತ್ತದೆ. ಆದರೆ ಬಾವು ಹೇಗೆ ಬಂತು ಎಂದು ಕೇಳುವುದು ನನ್ನ ಕೆಲಸವಲ್ಲ. ಇದೆಯೋ ಇಲ್ಲವೋ, ಅಷ್ಟೇ.

ಇಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಒಂದೋ ಎರಡೋ ಜೇನಿನ ಗಡಿಗೆ ಇರುವುದರಿಂದ ಜನ ತಮ್ಮ ನಡೆನುಡಿಯನ್ನೇ ಹುಳಕ್ಕೆ ಒಗ್ಗಿಸಿಕೊಂಡಿದ್ದಾರೆ. ಕಪ್ಪು ಬಟ್ಟೆ ತೊಡುವುದಿಲ್ಲ. ಘಮಘಮ ಎಣ್ಣೆ ಹಚ್ಚುವುದಿಲ್ಲ. ಜಗಳವಾಡುವಾಗಲೂ ಕೈ ಬೀಸುವುದಿಲ್ಲ, ಕೈಕಟ್ಟಿಕೊಂಡೇ ಬೈಯುತ್ತಾರೆ. ಬಾಳೆಹಣ್ಣನ್ನಂತೂ ಊರೊಳಗೆ ತರುವ ಹಾಗಿಲ್ಲ, ಏಕೆಂದರೆ ಹುಳ ಕಚ್ಚಿದ ಜಾಗಕ್ಕೆ ಬರುವ ವಾಸನೆಯೂ ಮಾಗಿದ ಬಾಳೆಹಣ್ಣಿನ ವಾಸನೆಯೂ ಒಂದೇ, ಆ ವಾಸನೆ ಸಿಕ್ಕಿದರೆ ಗಡಿಗೆಯ ಹುಳಗಳೆಲ್ಲ ಯುದ್ಧಕ್ಕೆ ಎದ್ದ ಹಾಗೆ ಎದ್ದು ಬರುತ್ತವೆ. ಹೊಳೆಯ ಸೇತುವೆಯ ಹತ್ತಿರ ನೆಂಟರು ಬಿಟ್ಟು ಬಂದ ಬಾಳೆಗೊನೆಗಳನ್ನು ತಿಂದು ಅಲ್ಲಿಯ ಕೋತಿಗಳು ಕೊಬ್ಬಿವೆ.

ಹುಳ ಸಾಕುವುದರಲ್ಲಿ ನಮ್ಮೂರಿಗೆ ದೇವೀರಮ್ಮನೇ ಎತ್ತಿದ ಕೈ. ಹಿತ್ತಲಿನ ಉದ್ದಕ್ಕೂ ಅವಳ ಗಡಿಗೆಗಳು. ಅವಳು ಗೂಡಿನ ಬಾಯಿಗೆ ಎದುರಾಗಿ ಎಂದೂ ನಿಂತವಳಲ್ಲ, ಪಕ್ಕಕ್ಕೆ ನಿಂತು ಕೆಲಸ ಮಾಡುತ್ತಿದ್ದಳು. ತೆಂಗಿನ ನಾರಿನ ಹೊಗೆಯನ್ನು ಎರಡು ಸಲ ಮೆಲ್ಲಗೆ ಬಿಟ್ಟು, ಹುಳ ಹೊಟ್ಟೆ ತುಂಬ ಜೇನುತುಪ್ಪ ಕುಡಿದು ಮಂಪರಾಗುವ ತನಕ ಕಾಯುತ್ತಿದ್ದಳು. ಉಸಿರು ಗೂಡಿಗೆ ತಾಗದ ಹಾಗೆ ಮುಖ ತಿರುಗಿಸಿಕೊಂಡು, ನೀರಿನೊಳಗೆ ಕೈ ಆಡಿಸುವಷ್ಟು ನಿಧಾನವಾಗಿ ಜೇನಿನ ಎರಿ ಎತ್ತುತ್ತಿದ್ದಳು. ಊರಿನ ಹುಡುಗಿಯರೆಲ್ಲ ಅವಳ ಹತ್ತಿರವೇ ಕಲಿತವರು. ಕಚ್ಚಿದರೆ ಓಡಬಾರದು, ಕೊಡವಬಾರದು, ಮುಳ್ಳನ್ನು ಚಿವುಟಿ ಕೀಳಬಾರದು ಎಂದು ಹೇಳಿಕೊಡುತ್ತಿದ್ದಳು. ಚಿವುಟಿದರೆ ಅದರ ಚೀಲದಲ್ಲಿರುವ ವಿಷವನ್ನು ನಾವೇ ಹಿಂಡಿ ಒಳಗೆ ಬಿಟ್ಟುಕೊಂಡ ಹಾಗೆ. ಕೂಡಲೇ ಉಗುರಿನಿಂದ ಅಡ್ಡಕ್ಕೆ ಕೆರೆದು ತೆಗೆಯಬೇಕು, ಆ ಜಾಗಕ್ಕೆ ಹೊಗೆ ತೋರಿಸಿ ವಾಸನೆ ಕಳೆಯಬೇಕು, ತಣ್ಣೀರಿನಲ್ಲಿ ತೊಳೆಯಬೇಕು. ತಡಮಾಡಿದಷ್ಟೂ ಮುಳ್ಳು ತನ್ನಷ್ಟಕ್ಕೆ ತಾನು ಮಿಡಿಯುತ್ತ ವಿಷ ಇಳಿಸುತ್ತಲೇ ಇರುತ್ತದೆ, ಹುಳ ಸತ್ತಮೇಲೂ.

ಇಷ್ಟೆಲ್ಲ ಬಲ್ಲ ದೇವೀರಮ್ಮನಿಗೆ ಊರಿನಲ್ಲಿ ಎಲ್ಲಿ ಶುಭಕಾರ್ಯ ಇದ್ದರೂ ಅದರ ಹಿಂದಿನ ದಿನ ಹುಳ ಕಚ್ಚಿಯೇ ಕಚ್ಚುತ್ತಿತ್ತು. ದೇವೀರಮ್ಮನ ಹುಳಕ್ಕೆ ಪಂಚಾಂಗ ಬರುತ್ತದೆ ಎಂದು ಗಂಡಸರು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. ಅವಳ ಒಬ್ಬಳೇ ಮಗಳು ಚಂಪಿಯ ನಾಮಕರಣದ ಹೊತ್ತಿಗೆ ಅವಳು ಬೇಲಿಯ ಆಚೆ ನಿಂತಿದ್ದಳು. ಕಿವಿ ಚುಚ್ಚಿಸಿದಾಗಲೂ ಆಚೆ. ಮಗಳು ದೊಡ್ಡವಳಾಗಿ ಆರತಿ ಮಾಡಿದಾಗಲೂ ಆಚೆ. ಒಳಗಿನ ಶಾಸ್ತ್ರವನ್ನೆಲ್ಲ ದೇವೀರಮ್ಮನ ವಾರಗಿತ್ತಿ ಸಾವಂತ್ರಮ್ಮ ನಡೆಸುತ್ತಿದ್ದಳು. ಅವಳ ಮಾತು ಬೆಣ್ಣೆಯಂತಹದು. ಎಲ್ಲರ ಊಟ ಮುಗಿದ ಮೇಲೆ ಒಗ್ಗರಣೆ ಇಲ್ಲದ ಮೊಸರನ್ನವನ್ನು ಎಲೆಯಲ್ಲಿಟ್ಟುಕೊಂಡು ಬಂದು ಬೇಲಿಯ ಮೇಲಿನಿಂದ ಕೊಡುತ್ತಿದ್ದಳು. ದೇವೀರಮ್ಮ ಬಲಗೈ ಚಾಚುತ್ತಿದ್ದಳು. ಎಡಗೈ ಮಣಿಕಟ್ಟು ಊದಿ ಹಲಸಿನ ತೊಳೆಯಂತಾಗಿರುತ್ತಿತ್ತು.

ಪ್ರತಿ ಸಲವೂ ಎಡಗೈ ಮಣಿಕಟ್ಟು. ಇದನ್ನು ಗಮನಿಸಿದವನು ನಾನೊಬ್ಬನೇ, ಒತ್ತುವವನು ನಾನೇ ಆದ್ದರಿಂದ. ಹೇಳಿದೆನಲ್ಲ, ಕೇಳುವುದು ನನ್ನ ಕೆಲಸವಾಗಿರಲಿಲ್ಲ.

ಚಂಪಿಗೆ ಹೊಳೆಯ ಆಚೆಯ ಗಂಡು ಗೊತ್ತಾಯಿತು. ಒಳ್ಳೆಯ ಮನೆ, ಹುಡುಗನಿಗೂ ಅವಳಿಗೂ ಒಪ್ಪಿಗೆಯಿತ್ತು. ದಿನ ಗೊತ್ತುಮಾಡಿದ ಸಂಜೆಯೇ ಚಂಪಿ ತಾಯಿಯ ಹೊಗೆ ಡಬ್ಬಿ, ಮುಖದ ಪರದೆ, ಚಾಕು ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ಮದುವೆಯ ತನಕ ಗಡಿಗೆಗಳನ್ನು ತಾನೇ ನೋಡಿಕೊಳ್ಳುತ್ತೇನೆ, ನೀನು ಹಿತ್ತಲಿಗೆ ಕಾಲಿಡಕೂಡದು ಎಂದಳಂತೆ. ತನ್ನ ಒಂದೊಂದು ಶುಭಕಾರ್ಯವನ್ನೂ ಬೆರಳು ಮಡಿಸಿ ಎಣಿಸಿ, ಪ್ರತಿ ಸಲವೂ ನಿನಗೆ ನನಗಿಂತ ಆ ಹುಳವೇ ಹೆಚ್ಚಾಯಿತು ಎಂದಳಂತೆ. ಕೊನೆಗೆ ಒಂದು ಮಾತು ಹೇಳಿದಳು, ಅದು ಪಕ್ಕದ ಮನೆಗೂ ಕೇಳಿಸಿತು. "ಈ ಸಲ ನಿಂಗೆ ಹುಳ ಕಚ್ಚಿದ್ರೆ ನಾನು ಹಸೆಮಣೆ ಏರಲ್ಲ. ಆಣೆ ಮಾಡಿ ಹೇಳ್ತಿದೀನಿ." ಚಂಪಿ ಹಟದಲ್ಲಿ ತಾಯಿಯ ಮಗಳೇ. ಆಡಿದರೆ ಆಡಿದ ಹಾಗೆ ನಡೆಯುವವಳು.

ಮದುವೆ ಹತ್ತಿರವಾದಾಗ ದೇವೀರಮ್ಮ ನಮ್ಮನೆಯ ಜಗಲಿಗೆ ಬಂದು ಕೂತಳು. ಬಾವು ಇಲ್ಲದೆ ಅವಳು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಒಲೆಯ ಬೂದಿ, ಮಳೆ, ಬೆಲ್ಲದ ಧಾರಣೆ ಎಂದು ಅದೂ ಇದೂ ಮಾತಾಡಿದಳು. ಆಮೇಲೆ, ಹುಳ ಕಚ್ಚದೆಯೂ ಸೂತಕ ಬರುವ ದಾರಿ ಏನಾದರೂ ಇದೆಯಾ ಎಂದು ಕೇಳಿದಳು. ನಾನು ಇಲ್ಲ ಎಂದೆ. ನನ್ನ ಸ್ವಭಾವಕ್ಕೆ ಅಲ್ಲದ ಕೆಲಸವೊಂದನ್ನು ನಾನು ಆಗ ಮಾಡಿದೆ. ಮಗಳ ಮದುವೆಯೆಂದರೆ ಎಲ್ಲರೂ ಒಳಗೆ ಹೋಗಲು ದಾರಿ ಹುಡುಕುತ್ತಾರೆ, ನೀನೊಬ್ಬಳು ಹೊರಗೆ ನಿಲ್ಲಲು ಹುಡುಕುತ್ತೀಯಲ್ಲ, ಯಾಕೆ ಎಂದು ಕೇಳಿದೆ.

ಚಂಪಿ ಹೊಟ್ಟೆಯಲ್ಲಿದ್ದಾಗಲೇ ದೇವೀರಮ್ಮನ ಗಂಡ ತೀರಿಹೋಗಿದ್ದ. ಮಗು ಹುಟ್ಟಿ, ನಾಮಕರಣಕ್ಕೆ ಮನೆ ಸಾರಿಸುತ್ತಿದ್ದ ಹೊತ್ತಿನಲ್ಲಿ, ತೊಟ್ಟಿಲಿಗೆ ಹೂವು ಕಟ್ಟಲು ಇವಳು ಕೈ ಹಾಕಿದಳಂತೆ. ಸಾವಂತ್ರಮ್ಮ ಏನೂ ಅನ್ನಲಿಲ್ಲ. ಹೂವಿನ ದಂಡೆಯನ್ನು ಇವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ನೀನು ಸುಸ್ತಾಗಿದ್ದೀಯ, ಹೋಗಿ ಮಲಗಿಕೋ ಎಂದಳು. ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ನೆಲ ನೋಡಿದರು. ದೇವೀರಮ್ಮ ಹಿತ್ತಲಿಗೆ ಹೋದಳು. ಅಲ್ಲಿ ಗಡಿಗೆಗಳಿದ್ದವು.

"ಹುಳ ಕಚ್ಚಿದ್ರೆ ಯಾರೂ ನನ್ನ ಬೇಡ ಅನ್ನಂಗಿಲ್ಲ ಬೋರಣ್ಣ," ಎಂದಳು. "ನಾನೇ ಬರಲ್ಲ ಅಂದಂಗಾಗುತ್ತೆ. ನೋವಿಗೇನು, ಎರಡು ದಿನ ಉರಿದು ಹೋಗುತ್ತೆ."

ಪ್ರತಿ ಸಲ ಮುಳ್ಳು ತೆಗೆಯದೆ, ಅದು ಮಿಡಿದು ಮಿಡಿದು ಬರಿದಾಗುವ ತನಕ ನೋಡುತ್ತ ನಿಲ್ಲುತ್ತಿದ್ದಳಂತೆ, ಬಾವು ಚೆನ್ನಾಗಿ ಬರಲಿ ಎಂದು. ಆದರೆ ಸೂತಕವನ್ನು ಅವಳು ಒಂದು ದಿನವೂ ಸುಳ್ಳಾಗಿ ಹಿಡಿದವಳಲ್ಲ. ತನಗೋಸ್ಕರ ಸತ್ತದ್ದು ಎಂದು ಚಾಪೆಯ ಮೇಲೆ ಮಲಗಿ, ಒಪ್ಪೊತ್ತು ಉಂಡು, ಪ್ರತಿಯೊಂದು ಹುಳಕ್ಕೂ ದಾಸವಾಳದ ಬುಡದಲ್ಲಿ ನೀರು ಬಿಟ್ಟಿದ್ದಳು. ತಕ್ಕಡಿಗೆ ಬಾಯಿ ಎಲ್ಲಿರುತ್ತದೆ? ಅವಳು ಸೆರಗು ಕೊಡವಿಕೊಂಡು ಎದ್ದು ಹೋದಳು.

ನಾಲ್ಕೈದು ದಿನ ಕಳೆದು ಚಂಪಿ ಬಂದಳು. ಮದುವೆಯ ಬೆಳಿಗ್ಗೆ ತಾನೂ ತನ್ನ ತಾಯಿಯೂ ಇರುವ ಕಡೆಯೇ ನೀವು ಇರಬೇಕು ಎಂದು ಕರೆಯಲು ಬಂದಿದ್ದಳು. ಮದುಮಗಳಿಗೇ ಕಚ್ಚಿಬಿಟ್ಟರೆ ಎಂಬ ಭಯದಿಂದ ನನ್ನನ್ನು ಹೀಗೆ ಕರೆಯುವುದುಂಟು. ಎಲೆ ಅಡಿಕೆ ತೆಗೆದುಕೊಂಡೆ. ಅವಳು ಮೆಟ್ಟಿಲು ಇಳಿದಿದ್ದಳು, ಆಗ ನನ್ನ ಬಾಯಿಂದ ಮಾತು ಬಂದೇಬಿಟ್ಟಿತು. "ಚಂಪಿ, ನಿಮ್ಮಮ್ಮನ ಬಾವು ಯಾವಾಗ್ಲೂ ಎಡಗೈ ಮಣಿಕಟ್ಟಲ್ಲೇ ಇರುತ್ತೆ ಕಣಮ್ಮ."

ಹುಳ ಸಾಕುವ ಮನೆಯ ಹುಡುಗಿಗೆ ಅಷ್ಟು ಸಾಕು. ಅವಳು ತಿರುಗಿ ನೋಡಿದಳು. ತನ್ನ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸಿ ಏನನ್ನೋ ಹಿಡಿದ ಹಾಗೆ ಎಡಗೈಯ ಮೇಲೆ ಇಟ್ಟುಕೊಂಡಳು. ಮುಖ ಬಿಳಿಚಿತು. ಕೈಯನ್ನು ಹಾಗೆಯೇ ಹಿಡಿದುಕೊಂಡು ಹೋದಳು.

ಮದುವೆಯ ಬೆಳಿಗ್ಗೆ ನಾನು ಹಿತ್ತಲ ಬಾಗಿಲಿನ ಜಗಲಿಯ ಮೇಲೆ ಕೂತಿದ್ದೆ. ದಿಬ್ಬಣ ಸೇತುವೆ ದಾಟಿತ್ತು. ಗಂಡಿನ ಕಡೆಯವರು ತಂದ ಬಾಳೆಹಣ್ಣನ್ನು ಅಲ್ಲೇ ಇಡಿಸುವುದಕ್ಕೆ ದೊಡ್ಡ ರಗಳೆಯಾಗಿ, ಅವರ ಚಿಕ್ಕಪ್ಪನೊಬ್ಬ ಕೋಪದಲ್ಲಿ ಅಲ್ಲೇ ನಿಂತು ಆರು ಹಣ್ಣು ತಿಂದು, ಆ ಬಾಯಿಯನ್ನು ತೊಳೆಸಿಕೊಂಡು ಬರುವುದು ತಡವಾಯಿತು. ಇನ್ನು ಗಂಡನ್ನು ಚಪ್ಪರದ ಬಾಗಿಲಲ್ಲಿ ನಿಲ್ಲಿಸಿ, ಆಗಷ್ಟೇ ಇಳಿಸಿದ ಜೇನನ್ನು ಬಾಯಿಗೆ ಸವರಿ ಒಳಗೆ ಕರೆದುಕೊಳ್ಳಬೇಕು. ಜೇನು ಎಲ್ಲಿ ಎಂದು ಸಾವಂತ್ರಮ್ಮ ಕೂಗಿದಳು. ಹುಡುಗಿಗೆ ಜಡೆ ಹಾಕುತ್ತಿದ್ದಾರೆ, ನಾನು ತರುತ್ತೇನೆ ಎಂದು ದೇವೀರಮ್ಮ ಬಟ್ಟಲು ಹಿಡಿದು ಹಿತ್ತಲಿಗೆ ಬಂದಳು. ನನ್ನನ್ನು ನೋಡಿಯೂ ನೋಡದವಳ ಹಾಗೆ ದಾಟಿಹೋದಳು. ಒಮ್ಮೆ ಹಸೆಮಣೆ ಏರಿದ ಮೇಲೆ ಹುಡುಗಿ ಇಳಿಯುವವಳಲ್ಲ, ಅಷ್ಟರಲ್ಲಿ ತನಗೆ ಕಚ್ಚಿದ ಸುದ್ದಿ ತಿಳಿಯದಿದ್ದರೆ ಆಯಿತು ಎಂದು ಅವಳ ಲೆಕ್ಕ ಇದ್ದಿರಬೇಕು.

ಅವಳು ಕೊನೆಯ ಗಡಿಗೆಯ ಮುಚ್ಚಳ ಸರಿಸಿದಳು. ಒಲೆಯಿಂದ ತಂದಿದ್ದ ಕೆಂಡದ ಮೇಲೆ ನಾರು ಉದುರಿಸಿ ಹೊಗೆ ಹಿಡಿದಳು. ಒಂದು ಎರಿ ಮುರಿದು ಬಟ್ಟಲಿಗೆ ಹಾಕಿದಳು. ಆಮೇಲೆ ಎರಡು ಬೆರಳಿನಿಂದ ಒಂದು ಹುಳವನ್ನು ರೆಕ್ಕೆಯ ಬುಡದಲ್ಲಿ ಹಿಡಿದು ಎಡಗೈ ಮಣಿಕಟ್ಟಿಗೆ ಇಟ್ಟುಕೊಂಡಳು. ಹುಳ ಕೆಳಗೆ ಬಿತ್ತು. ಅವಳು ಮಿಸುಕದೆ ಮುಳ್ಳನ್ನೇ ನೋಡುತ್ತ ನಿಂತಳು.

ಅಷ್ಟರಲ್ಲಿ ಚಂಪಿ ನನ್ನ ಪಕ್ಕದಿಂದಲೇ ಹಾದುಹೋದಳು. ರೇಷ್ಮೆ ಸೀರೆ, ಅರ್ಧ ಹೆಣೆದ ಜಡೆ, ಕತ್ತಿನ ತುಂಬ ಮಲ್ಲಿಗೆ. ಆ ಘಮದೊಂದಿಗೆ ಬಿಚ್ಚಿದ ಗೂಡಿನ ಹತ್ತಿರ ಹೋಗುವ ಧೈರ್ಯ ನಮ್ಮೂರಿನಲ್ಲಿ ಯಾರಿಗೂ ಇಲ್ಲ. ಒಂದೇ ಒಂದು ಹುಳ ಕಚ್ಚಿದ್ದರೂ ಮದುವೆ ಅಲ್ಲಿಗೇ ನಿಲ್ಲುತ್ತಿತ್ತು. ಹುಳಗಳು ಅವಳ ಹೂವಿನ ಸುತ್ತ ಒಂದು ಸುತ್ತು ಬಂದವು. ಅವಳು ಓಡಲಿಲ್ಲ, ಕೈ ಬೀಸಲಿಲ್ಲ. ಉಸಿರು ಬಿಗಿಹಿಡಿದು, ಪಕ್ಕದಿಂದ, ತಾಯಿ ಕಲಿಸಿದ ಹಾಗೆಯೇ ನಡೆದು ಹೋಗಿ ತಾಯಿಯ ಎಡಗೈ ಹಿಡಿದಳು. ಹೆಬ್ಬೆರಳಿನ ಉಗುರಿನಿಂದ ಅಡ್ಡಕ್ಕೆ ಒಮ್ಮೆ ಕೆರೆದಳು. ಮುಳ್ಳು ಹಾರಿಹೋಯಿತು. ಹೊಗೆಯನ್ನು ಆ ಜಾಗಕ್ಕೆ ಹಿಡಿದಳು. ಬಾವಿಯ ಕಟ್ಟೆಗೆ ಎಳೆದುಕೊಂಡು ಬಂದು ತಣ್ಣೀರು ಸುರಿದಳು, ಸುರಿಯುತ್ತಲೇ ಇದ್ದಳು.

"ಬಿಡೇ, ಮುಹೂರ್ತದ ಹೊತ್ತು," ಎಂದಳು ದೇವೀರಮ್ಮ.

"ಬರಕ್ಕೆ ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳಮ್ಮ," ಎಂದಳು ಚಂಪಿ. "ಇಷ್ಟು ವರ್ಷ ಅವರನ್ನ ಬಿಟ್ಟು ನಾನು ನಿನ್ನನ್ನೇ ಬೈದೆನಲ್ಲ."

ತಾಯಿ ಮಗಳ ಸೀರೆ ನೆನೆಯುತ್ತದೆಂದು ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡಿದ್ದಳು.

ಸುದ್ದಿ ಚಪ್ಪರಕ್ಕೆ ಮುಟ್ಟಲು ಎಷ್ಟು ಹೊತ್ತು? ಸಾವಂತ್ರಮ್ಮ ಹೆಂಗಸರ ಗುಂಪಿನೊಂದಿಗೆ ಹಿತ್ತಲಿಗೆ ಬಂದಳು. ಅಯ್ಯೋ ಪಾಪ, ಇವತ್ತೇ ಕಚ್ಚಬೇಕೇ, ಇರಲಿ, ಧಾರೆಯ ಹಾಲನ್ನು ನಾನೇ ಮೊದಲು ಹೊಯ್ಯುತ್ತೇನೆ, ನೀನು ಬೇಲಿಯ ಹತ್ತಿರ ನೆರಳಲ್ಲಿ ಕೂತುಕೋ ಎಂದಳು. ಅವಳ ಮಾತಿನಲ್ಲಿ ಮೋಸವಿರಲಿಲ್ಲ. ಅವಳಿಗೂ ನಿಜವಾಗಿ ನೆಮ್ಮದಿಯಾಗಿತ್ತು.

"ಇನ್ನೂ ಬಾವು ನೋಡಿಲ್ಲ, ದೊಡ್ಡಮ್ಮ," ಎಂದಳು ಚಂಪಿ.

ಕಚ್ಚಿದ ಮೇಲೆ ಒಂದು ಒಲೆ ಅನ್ನ ಬೇಯುವಷ್ಟು ಹೊತ್ತು ಕಾದು ನೋಡುವುದು ಪದ್ಧತಿ. ಕಾದರು. ಗಂಡು ಚಪ್ಪರದ ಬಾಗಿಲಲ್ಲಿ ಬಾಯಿ ಸಿಹಿಯಾಗದೆ ನಿಂತಿದ್ದ. ಪುರೋಹಿತರು ಎರಡು ಸಲ ಹೇಳಿ ಕಳಿಸಿದರು. ಕೊನೆಗೆ ನಾನು ಎದ್ದು ಹೋಗಿ ದೇವೀರಮ್ಮನ ಕೈ ಹಿಡಿದೆ. ತಣ್ಣಗಿತ್ತು. ಹೆಬ್ಬೆರಳು ಇಟ್ಟು ಒತ್ತಿ ಬಿಟ್ಟೆ.

ಏನೂ ಇರಲಿಲ್ಲ ಎಂದು ಹೇಳಲಾರೆ. ಜೋಳದ ಕಾಳಿನಷ್ಟು ಇತ್ತು. ಜೋಳದ ಕಾಳಿನಷ್ಟಿದ್ದರೆ ಅದು ಬಾವಲ್ಲ ಎಂದು ನಮ್ಮಜ್ಜ ಹೇಳಿದ್ದನೇ? ನೆನಪಿಲ್ಲ. ಹೇಳಿದ್ದ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ದೇವೀರಮ್ಮ ನನ್ನ ಮುಖ ನೋಡುತ್ತಿದ್ದಳು. ಅವಳಿಗೂ ಒತ್ತಿದ್ದು ಗೊತ್ತಾಗಿತ್ತು, ಗುಳಿ ಬಿದ್ದದ್ದೂ ಗೊತ್ತಾಗಿತ್ತು. ಬೇಡ ಎಂದು ತಲೆ ಅಲ್ಲಾಡಿಸಿದಳು. ನಾನು ಚಪ್ಪರದ ಕಡೆಗೆ ತಿರುಗಿ, ಅಲ್ಲಿಯವರೆಗೂ ಕೇಳುವ ಹಾಗೆ ಹೇಳಿದೆ. "ದೇವೀರಮ್ಮಂಗೆ ಬಾವಿಲ್ಲ, ಹೊಸ್ತಿಲು ಬಿಡಿ."

ಸಾವಂತ್ರಮ್ಮ ಬಾಯಿ ತೆರೆದಳು. "ಬಾವಿಲ್ಲ ಸರಿ. ಆದ್ರೆ..." ಎಂದಳು.

ಎಲ್ಲರೂ ಕಾದೆವು. ಆ ಮಾತಿನ ಮುಂದೆ ಏನಿದೆ ಎಂದು ಅಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಿತ್ತು. ಆದರೆ ನಮ್ಮೂರಿನಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಿದವರಲ್ಲ, ಹೇಳುವ ಅಭ್ಯಾಸವೇ ನಮಗಿರಲಿಲ್ಲ. ಇಷ್ಟು ವರ್ಷ ಅದನ್ನು ಹುಳಗಳೇ ಹೇಳುತ್ತಿದ್ದವು. ಸಾವಂತ್ರಮ್ಮ ಅತ್ತ ಇತ್ತ ನೋಡಿದಳು. ಹೆಂಗಸರು ಈ ಸಲವೂ ನೆಲ ನೋಡಿದರು, ಆದರೆ ದಾರಿಯಿಂದ ಸರಿದು ನಿಂತು ನೋಡಿದರು. ಚಂಪಿ ತಾಯಿಯ ಕೈಗೆ ಜೇನಿನ ಬಟ್ಟಲು ಕೊಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡು ಹೊಸ್ತಿಲು ದಾಟಿದಳು.

ಧಾರೆಯನ್ನು ನಾನು ನೋಡಲಿಲ್ಲ. ಹಿತ್ತಲು ಖಾಲಿಯಾದ ಮೇಲೆ ಗಡಿಗೆಯ ಕೆಳಗೆ ಬಿದ್ದಿದ್ದ ಹುಳ ಕಣ್ಣಿಗೆ ಬಿತ್ತು. ಇನ್ನೂ ಒಂದು ಕಾಲು ಆಡುತ್ತಿತ್ತು, ಆಮೇಲೆ ಅದೂ ನಿಂತಿತು. ಕಚ್ಚಿಸಿಕೊಂಡವಳಿಗೆ ಸೂತಕವಿಲ್ಲ ಎಂದು ನಾನೇ ಕೂಗಿ ಹೇಳಿ ಆಗಿತ್ತು. ಹಾಗಾದರೆ ಇದಕ್ಕೆ ಯಾರೂ ಇಲ್ಲ. ಅಂಗೈಯಲ್ಲಿ ಎತ್ತಿಕೊಂಡು ಹೋಗಿ ದಾಸವಾಳದ ಬುಡದಲ್ಲಿ ಮಣ್ಣು ಮುಚ್ಚಿ, ನೀರು ಬಿಟ್ಟು, ಬೇಲಿಯ ಆಚೆ ಹೋಗಿ ಕೂತೆ. ನೆಲ ಅಲ್ಲಿ ಒಬ್ಬರು ಕೂರುವಷ್ಟು ಅಗಲಕ್ಕೆ ನುಣುಪಾಗಿತ್ತು. ಒಳಗೆ ವಾಲಗ ಜೋರಾಯಿತು, ಹೆಂಗಸರು ಸೋಬಾನೆ ಹಾಡಿದರು. ಹಾದುಹೋದವರು, ಏನು ಬೋರಣ್ಣ, ನಿನಗೂ ಕಚ್ಚಿತೇ, ಹೋಳಿಗೆ ತಪ್ಪಿತಲ್ಲ ಎಂದು ತಮಾಷೆ ಮಾಡಿದರು. ಹೌದು ಎಂದೆ.

ಊಟ ಎಲ್ಲ ಮುಗಿದ ಮೇಲೆ ದೇವೀರಮ್ಮ ಬೇಲಿಯ ಹತ್ತಿರ ಬಂದಳು. ಕೈಯಲ್ಲಿ ಎಲೆ, ಎಲೆಯಲ್ಲಿ ಒಗ್ಗರಣೆ ಇಲ್ಲದ ಮೊಸರನ್ನ. ಬೇಲಿಯ ಒಳಗಡೆ ಅವಳನ್ನು ನೋಡಿದ್ದು ನಾನು ಅದೇ ಮೊದಲು. ಎಲೆಯನ್ನು ಬೇಲಿಯ ಮೇಲಿನಿಂದ ಕೊಟ್ಟಳು. ನಾನು ಬಲಗೈ ಚಾಚಿ ತೆಗೆದುಕೊಂಡೆ.

ಎಲ್ಲಿ ಕಚ್ಚಿತು ಎಂದು ಕೇಳಿದಳು. ನಾನು ಎಡಗೈ ತೋರಿಸಿದೆ. ಅಲ್ಲಿ ಏನೂ ಇರಲಿಲ್ಲ. ಅವಳು ಮಣಿಕಟ್ಟು ಹಿಡಿದಳು, ಅವಳ ಬೆರಳುಗಳಿಗೆ ಇನ್ನೂ ಧಾರೆಯ ಹಾಲಿನ ಜಿಗುಟಿತ್ತು. ಹೆಬ್ಬೆರಳಿನಿಂದ ಒತ್ತಿ, ಬಿಟ್ಟು, ನಾನು ನೋಡುವ ಹಾಗೆಯೇ ತಲೆ ಬಾಗಿಸಿ ಬಹಳ ಹೊತ್ತು ನೋಡಿದಳು.

"ಬಾವಿದೆ, ಕೂತ್ಕೋ," ಎಂದಳು.